ನೆಲ ಒರೆಸುವವಳು ಹೇಳಿದ್ದು

ಬಾಕುವಿನಿಂದ ಬಂದವರು ಮೊದಲು ನನ್ನ ನೆಲ ತುಳಿಯುತ್ತಾರೆ,
ಆಮೇಲೆ ಗುಡ್ಡ.
ಹೋಗುವಾಗ ಮೊದಲು ಗುಡ್ಡ, ಆಮೇಲೆ ನನ್ನ ನೆಲ.
ನನಗೆ ತಿಳಿದ ಭೂಗರ್ಭಶಾಸ್ತ್ರ ಇಷ್ಟೇ:
ಬರುವ ಹೆಜ್ಜೆ ಧೂಳು, ಹೋಗುವ ಹೆಜ್ಜೆ ರಾಡಿ.

ಬಿಳಿ ಕಲ್ಲಿನ ನೆಲ. ಯಾರೋ ಪುಣ್ಯಾತ್ಮ ಆರಿಸಿದ್ದು.
ಕೆಸರು ಉಕ್ಕುವ ಗುಡ್ಡದ ಬಾಗಿಲಿಗೆ
ಬಿಳಿ ಕಲ್ಲು!
ಒಂದೇ ಒಂದು ದಿನ ಬಕೆಟ್ಟು ಹಿಡಿದಿದ್ದರೆ
ಬೂದು ಬಣ್ಣ ಎಷ್ಟು ಚೆಂದವೆಂದು ಅವನಿಗೂ ಗೊತ್ತಾಗುತ್ತಿತ್ತು.

ಒಳಗೆ ಎಲ್ಲಾ ಇದೆ.
ಗುಂಡಿ ಒತ್ತಿದರೆ ಪರದೆಯ ಮೇಲೆ ಭೂಮಿ ಸೀಳುತ್ತದೆ,
ನೊವ್ರೂಜ್ ಹಬ್ಬಕ್ಕೆ ಕೊಯ್ದ ಪಖ್ಲವದ ಹಾಗೆ ಪದರ ಪದರ.
ತಳದಿಂದ ಒಂದು ಕೊಳವೆ, ಅದರೊಳಗೆ ನೀಲಿ ಬಾಣಗಳು
ಒಂದರ ಹಿಂದೊಂದು ಏರುತ್ತವೆ, ಮಾಯವಾಗುತ್ತವೆ,
ಮತ್ತೆ ತಳದಿಂದ ಏರುತ್ತವೆ.
ಗೈಡ್ ಹುಡುಗಿ ಖುಮಾರ್ ದಿನಕ್ಕೆ ಹದಿನಾಲ್ಕು ಸಲ ಹೇಳುತ್ತಾಳೆ:
"ಇದು ಬೆಂಕಿಯ ಬೆಟ್ಟವಲ್ಲ, ಮುಟ್ಟಿ ನೋಡಿ, ತಣ್ಣಗಿದೆ.
ಕೆಳಗೆ ಅನಿಲ ಒತ್ತುತ್ತದೆ, ಮೇಲೆ ಮಣ್ಣು ಉಸಿರಾಡುತ್ತದೆ."
ಹದಿನಾಲ್ಕನೆಯ ಸಲಕ್ಕೆ ಅವಳ ದನಿಯೂ ತಣ್ಣಗೆ.

ಮೂಲೆಯಲ್ಲಿ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಜಾಡಿ, ಜಾಡಿಯಲ್ಲಿ ಕೆಸರು.
ಅದಕ್ಕೊಂದು ದೀಪ, ಅದಕ್ಕೊಂದು ಬೀಗ,
ಅದಕ್ಕೆ ಮೂರು ಭಾಷೆಯ ಚೀಟಿ:
ಬಲು ಆಳದ್ದು, ಬಲು ಹಳೆಯದು, ಮುಟ್ಟಬೇಡಿ.
ಅದೇ ಕೆಸರು
ಜಾಡಿಯಿಂದ ಮೂರು ಮಾರು ಈಚೆ
ಯಾರದೋ ಬೂಟಿನ ಅಂಚಿನಿಂದ ಉದುರಿದ್ದು
ನನ್ನ ಪಾಲಿಗೆ.

ಕಾಲಿಗೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ ಎಂದು ಬೋರ್ಡಿದೆ.
ಯಾರು ಓದುತ್ತಾರೆ?
ಟ್ಯಾಕ್ಸಿಯ ಅಜ್ದರ್ ಜಾಣ. ಅವನ ಮುದಿ ಲಾಡಾ ಕಾರಿನಲ್ಲಿ
ಸೀಟಿಗೆ, ಕಾಲಡಿಗೆ, ಬಾಗಿಲ ಒಳಮೈಗೆ ಹಳೆಯ ಪೇಪರು.
"ನೀನೂ ಹಾಸು ಜರ್‌ಖಾನಿಮ್, ನೆಲದ ತುಂಬ" ಅನ್ನುತ್ತಾನೆ.
ಹಾಸಿದೆ ಒಮ್ಮೆ. ಜನ ನಿಂತು
ಹೋದ ವರ್ಷದ ಸುದ್ದಿ ಓದತೊಡಗಿದರು,
ಗುಡ್ಡ ಬಿಟ್ಟು.

ಇಲ್ಲಿ ಬೇಲಿಯಿಲ್ಲದ ಕಾಲ ಕಂಡವಳು ನಾನು.
ಮಂಡಿ ಹಿಡಿದುಕೊಂಡಿದ್ದ ಅಮ್ಮನನ್ನು
ಕುರಿ ಸಾಗಿಸುವ ಲಾರಿಯಲ್ಲಿ ಕೂರಿಸಿ ತಂದೆವು, ಮೂವರು ಹೆಣ್ಣುಮಕ್ಕಳು.
ಲಂಗ ಎತ್ತಿಕಟ್ಟಿ ಕೆಸರಲ್ಲಿ ಇಳಿದಳು.
ಮೊದಲು ಬೈದಳು. ಆಮೇಲೆ ಸುಮ್ಮನಾದಳು.
ಅವಳ ತೊಡೆಯ ಪಕ್ಕ ಒಂದು ಗುಳ್ಳೆ ನಿಧಾನವಾಗಿ ಉಬ್ಬಿತು,
ಉಬ್ಬಿ, ಇನ್ನೂ ಉಬ್ಬಿ,
ಪುಸಕ್ಕೆಂದಿತು.
ಅಮ್ಮ ನಕ್ಕಳು.
ಎಷ್ಟು ನಕ್ಕಳೆಂದರೆ ಕುರಿಗಳೂ ತಿರುಗಿ ನೋಡಿದವು.
ಮಂಡಿ ವಾಸಿಯಾಗಲಿಲ್ಲ, ಬಿಡಿ.

ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ರೊಟ್ಟಿ ಮೊಸರು ತಿನ್ನುತ್ತೇನೆ.
ಕೈ ಕೆಸರು, ಬಾಯಿ ಮೊಸರು;
ಹನ್ನೊಂದು ವರ್ಷದಿಂದ ಎರಡೂ ಒಂದೇ ಅಳತೆ,
ಒಂದು ಚಮಚ ಹೆಚ್ಚಿಲ್ಲ.

ಸಂಜೆ ಐದಕ್ಕೆ ಬಕೆಟ್ಟು ತುಂಬಿರುತ್ತದೆ.
ಮೋರಿಗೆ ಚೆಲ್ಲು ಎನ್ನುತ್ತಾರೆ ಮ್ಯಾನೇಜರು.
ಚೆಲ್ಲುತ್ತಿದ್ದೆ. ಮೋರಿ ಎರಡು ಸಲ ಕಟ್ಟಿಕೊಂಡಿತು,
ಸಂಬಳದಲ್ಲಿ ಒಂದು ಸಲ ಹಿಡಿದರು.
ಈಗ ಹೊತ್ತುಕೊಂಡು ಗುಡ್ಡ ಹತ್ತುತ್ತೇನೆ.
ಗಾಳಿ ತಲೆವಸ್ತ್ರ ಎಳೆಯುತ್ತದೆ, ದೂರದಲ್ಲಿ ಕಡಲು
ತಗಡಿನ ಹಾಗೆ ಹೊಳೆಯುತ್ತದೆ, ಹೊಳೆದು ಆರುತ್ತದೆ.
ಎಲ್ಲಕ್ಕಿಂತ ಕುಳ್ಳನೆಯ ದಿಬ್ಬ ಒಂದಿದೆ, ನನ್ನ ಸೊಂಟಕ್ಕೂ ಬಾರದ್ದು.
ಅದರ ಬಾಯಿಗೆ ಸುರಿಯುತ್ತೇನೆ:
ಅಲ್ಮಾಟಿಯ ಬೂಟು, ದುಬೈನ ಚಪ್ಪಲಿ, ಗಾಂಜಾ ಊರಿನ ಶಾಲೆಮಕ್ಕಳ
ಅರವತ್ತು ಜೊತೆ ಕಾಲು,
ಅತ್ತ ಮಗುವಿನ ಒಂಟಿ ಸಾಕ್ಸು ಕೂಡ ಒಮ್ಮೆ.
ಅದು ಗುಳುಕ್ ಎನ್ನುತ್ತದೆ.
ಖುಮಾರಳ ಮಾತಿನ ಪ್ರಕಾರ ಅದು ಬರೀ ಅನಿಲ.
ಇರಬಹುದು. ನಾನು "ಆಯ್ತು" ಅಂದು ಇಳಿಯುತ್ತೇನೆ.

ಬೆಳಿಗ್ಗೆ ಬೀಗ ತೆಗೆಯಲು ಬಂದರೆ
ಕೆಲವು ದಿನ, ಎಲ್ಲ ದಿನವೂ ಅಲ್ಲ,
ಹೊಸ್ತಿಲ ಬಿಳಿ ಕಲ್ಲಿನ ಮೇಲೆ ನಾಲ್ಕು ಪುಟ್ಟ ಪಾದ, ಬೂದು,
ನರಿಯದು.
ಬಾಗಿಲವರೆಗೆ ಬಂದು, ನಿಂತು, ಏನೋ ಯೋಚಿಸಿ
ಗುಡ್ಡದ ಕಡೆಗೇ ತಿರುಗಿದೆ.

ಒಂಬತ್ತಕ್ಕೆ ಬಾಗಿಲು ತೆರೆಯಬೇಕು.
ಎಂಟೂ ಐವತ್ತರವರೆಗೆ
ಅದನ್ನು ಒರೆಸುವುದಿಲ್ಲ.