ಸೋರಿಕೆ

ನಾಲ್ಕೂವರೆಗೆ ಲಿಂಗರಾಜಪುರದ ಬೀದಿದೀಪಗಳಿಗೆ
ಮಂಜಿನ ಮಂಕು ಟೋಪಿ.
ನನ್ನದು ಉಣ್ಣೆಯದು, ಅಳಿಯ ಕೊಟ್ಟದ್ದು, ಕಿವಿಯ ಹತ್ತಿರ ತೂತು.
ಹೆಗಲ ಮೇಲೆ ಕಬ್ಬಿಣದ ಕೀಲಿ.
ಹನ್ನೆರಡು ಸುತ್ತು ಎಡಕ್ಕೆ: ಮೂರನೇ ಅಡ್ಡರಸ್ತೆಗೆ ನೀರು.
ನೆಲದೊಳಗೆ ಮೊದಲು ಗಾಳಿ ಕೆಮ್ಮುತ್ತದೆ,
ಆಮೇಲೆ ಒಂದೊಂದೇ ಮನೆಯ ಸಂಪು ಮಾತಿಗೆ ಶುರುವಿಡುತ್ತದೆ.

ಏಳನೇ ವಾಲ್ವು ಸೋರುತ್ತದೆ.
ಆರು ವರ್ಷದಿಂದ ಸೋರುತ್ತದೆ.
ಚಪ್ಪಡಿಯ ಸಂದಿಯಿಂದ ಬೆರಳುದಪ್ಪ ನೀರು
ಪಾಚಿಯ ಮೇಲೆ ಹರಿದು, ಶಾಯಿಸ್ತಾಳ ಗೇಟು ದಾಟಿ, ಮೋರಿಗೆ.
ನನ್ನ ಮನೆಯೂ ಅದೇ ಬೀದಿ.
ಹಲ್ಲುಜ್ಜುತ್ತಾ ನಿಂತರೆ ಎದುರಿಗೇ ಕಾಣುತ್ತದೆ ನನ್ನ ತಪ್ಪು.

ಆಯುಧಪೂಜೆಯ ಕುಂಕುಮ ಕೀಲಿಯ ಮೇಲಿನ್ನೂ ಮಾಸಿರದ ವಾರ
ಅದು ಬಂತು.
ಗುಬ್ಬಿಗಿಂತ ಉದ್ದ, ಬೆನ್ನು ಸಿಮೆಂಟಿನ ಬಣ್ಣ,
ಬಾಲದ ಬುಡದಲ್ಲಿ ಮಾತ್ರ ಯಾರೋ ಅರಿಶಿನದ ಕೈ ಒರೆಸಿದ ಹಾಗೆ.
ಆ ಬಾಲವೋ, ಮೇಲೆ ಕೆಳಗೆ, ಮೇಲೆ ಕೆಳಗೆ,
ಹಕ್ಕಿ ನಿಂತರೂ ತಾನು ನಿಲ್ಲದು.
ನಾನದನ್ನು ಮೀಟರ್ ರೀಡರ್ ಅಂತಿದ್ದೆ:
ಗೇಟಿಂದ ಗೇಟಿಗೆ ನಡಿಗೆ, ಬಗ್ಗಿ ನೋಡೋದು, ತಲೆಯಾಡಿಸೋದು,
ಮುಂದಿನ ಮನೆ.

ಮೂರನೇ ಮಹಡಿಯ ಶಾಯಿಸ್ತಾಗೆ ಹನ್ನೊಂದು ವರ್ಷ.
ಕಾಲು ಮುರಿದು ಕಿಟಕಿಯಲ್ಲಿ ಕೂತವಳು
ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ
ಕಂಡದ್ದನ್ನೆಲ್ಲ ಬರೆದಿಟ್ಟಿದ್ದಳು.
ಕಾಗೆ ೧೪. ಹದ್ದು ೬. ಪಾರಿವಾಳ, ಎಣಿಸಲ್ಲ.
ನುಗ್ಗೆಮರದಲ್ಲಿ ಸೂರಕ್ಕಿ. ಕೇಬಲ್ಲಿನ ಮೇಲೆ ಕಾಜಾಣ?
ಪ್ರಶ್ನೆಚಿಹ್ನೆ ಅವಳದೇ.
“ಅಂಕಲ್, ಅದು ಬೂದು ಸಿಪಿಲೆ!” ಮೇಲಿಂದಲೇ ಕೂಗಿದಳು,
“ಹಿಮಾಲಯದಿಂದ ಬರುತ್ತೆ.”
“ಯಾಕಂತೆ?”
“ಅಲ್ಲಿ ನೀರು ಗಡ್ಡೆ ಕಟ್ಟುತ್ತಲ್ಲ.”

ಕೃಷ್ಣಾನದಿ ದಾಟಿದವನಲ್ಲ ನಾನು.
ಕಾವೇರಿಯೇ ಪಂಪಿನ ಮೇಲೆ ಪಂಪು ಹತ್ತಿ
ಏದುಸಿರು ಬಿಡುತ್ತಾ ಬರುವ ಊರಿಗೆ
ಹಿಡಿಗೂದಲಿನಷ್ಟು ತೂಕದ್ದು ರೆಕ್ಕೆಯಲ್ಲೇ ಬಂದು,
ದಾರಿಯ ಕೆರೆಗಳನ್ನೆಲ್ಲ ಬಿಟ್ಟು,
ಹುಡುಕಿ ಹುಡುಕಿ ನನ್ನ ಏಳನೇ ವಾಲ್ವಿಗೆ!

ಡಿಸೆಂಬರಲ್ಲಿ ಸಾಹೇಬರ ಚೀಟಿ:
ದೂರು ಬಂದಿದೆ, ಎರಡು ದಿನದಲ್ಲಿ ಸರಿಪಡಿಸಿ ವರದಿ ಕೊಡುವುದು.
ನ್ಯಾಯವಾದ ಮಾತೇ. ಹೋದ ಬೇಸಿಗೆ ಇದೇ ಬೀದಿಯಲ್ಲಿ
ಟ್ಯಾಂಕರಿಗೆ ಕಾದ ಬಿಂದಿಗೆಗಳ ಸಾಲು ಕಂಡವನು ನಾನು,
ಜಯಶೀಲಮ್ಮ ಒಂದು ಕೊಡಕ್ಕೆ ನನ್ನ ಕಾಲರು ಹಿಡಿದದ್ದು ಮರೆತಿಲ್ಲ.
ಪೋಲಾದರೆ ಪೋಲು. ಹಕ್ಕಿ ಕುಡಿದರೂ ಲೆಕ್ಕ ಲೆಕ್ಕವೇ.

ಆದರೂ ಎರಡು ದಿನ ಐದಾಯಿತು.
ಸ್ಪ್ಯಾನರು ಸಿಗಲಿಲ್ಲ ಎಂದೆ. ಸಿಕ್ಕಿತ್ತು.
ಆರನೇ ದಿನ ಚಪ್ಪಡಿ ಎತ್ತಿ, ಹಗ್ಗ ಸುತ್ತಿ, ಗ್ರೀಸು ಬಳಿದು ಬಿಗಿದೆ.
ಮೇಲೆ ಕಿಟಕಿಯಲ್ಲಿ ಒಂದು ಮುಖ. ಮಾತಿಲ್ಲ.

ಮರುಬೆಳಿಗ್ಗೆ ಅದು ಬಂತು.
ಒಣಗೆರೆಯ ಉದ್ದಕ್ಕೂ ನಡೆಯಿತು, ಬಗ್ಗಿ ನೋಡಿತು,
“ಚಿಜಿಕ್” ಅಂದಿತು,
ನನಗೇ ಅಂದಿತೆಂದು ನಾನೇಕೆ ತಿಳಿಯಲಿ,
ಹಾರಿತು.
ನೋಟ್‌ಬುಕ್ಕಿನಲ್ಲಿ ಒಂಬತ್ತು ದಿನ: ಸಿಪಿಲೆ ೦.

ಚರ್ಚಿನ ಹಿಂದಿನ ಗಲ್ಲಿಯಲ್ಲಿ, ಹನ್ನೊಂದನೇ ವಾಲ್ವು.
ಅದು ಸೋರುವುದಿಲ್ಲ, ಬೆವರುತ್ತದೆ ಅಷ್ಟೆ.
ಅಂಗೈಯಗಲ ಒದ್ದೆ, ಒಂದು ಚಿಟಿಕೆ ಪಾಚಿ,
ನಾಲ್ಕು ಸೊಳ್ಳೆ.
ಸಂಕ್ರಾಂತಿಗೆ ಮುಂಚಿನ ಶುಕ್ರವಾರ, ಬೆಳಕು ಹರಿಯುವಾಗ,
ಮೇಲೆ ಕೆಳಗೆ, ಮೇಲೆ ಕೆಳಗೆ.

ಯಾರೂ ದೂರು ಕೊಟ್ಟಿಲ್ಲ. ನಾನೂ.

ಪ್ಲಾಸ್ಟರು ಬಿಚ್ಚಿಸಿಕೊಂಡ ಶಾಯಿಸ್ತಾ
ಕುಂಟುತ್ತಾ ನನ್ನ ಹಿಂದೆಯೇ ಬಂದಳು.
ಗೋಡೆಗೊರಗಿ ಇಬ್ಬರೂ ಉಸಿರು ಹಿಡಿದೆವು.
ಹಾಳೆ ತಿರುವಿ ಬರೆದಳು: ಬೂದು ಸಿಪಿಲೆ, ೧.
ಜಾಗ: ಹೇಳಲ್ಲ.