ಹೊಲಿದ ಜೇಬು

ಊರಾಚೆಯ ವಿದ್ಯುತ್ ಸ್ಥಾವರ ಉಗುಳುವ ಬಿಸಿನೀರಿಗೆ
ಕ್ಯಾಸ್ಪಿಯನ್ ದಂಡೆಯ ಈ ಕೆರೆ ಹೆಪ್ಪುಗಟ್ಟುವುದಿಲ್ಲ.
ಅಷ್ಟು ಸಾಕು ಹಂಸಗಳಿಗೆ.
ಬಡಗಣ ಹುಲ್ಲುಗಾವಲುಗಳಿಂದ ಬಂದಿಳಿದು
ಹೊಗೆಗೊಳವೆಗಳ ನೆರಳಲ್ಲೇ ಚಳಿಗಾಲ ಕಳೆಯುತ್ತವೆ.

ಯೆರ್ಮುಖಾನ್ ತಾತ ಆ ಸ್ಥಾವರದ ಪಂಪು ನೋಡಿಕೊಂಡವನು,
ಮೂವತ್ತೊಂದು ವರ್ಷ.
ಕೋಟಿನ ಎರಡೂ ಜೇಬಲ್ಲಿ ಒಣರೊಟ್ಟಿ.
ದಂಡೆಗೆ ಬಂದು ನಾಲಿಗೆ ಲೊಟಗುಟ್ಟಿದರೆ
ಇಡೀ ಕೆರೆ ಅವನ ಕಡೆ ವಾಲುತ್ತಿತ್ತು,
ತಟ್ಟೆಯೊಳಗಿನ ಸಾರು ವಾಲಿದ ಹಾಗೆ.

ಈ ಜನವರಿಯಲ್ಲಿ ನನ್ನನ್ನು ಕರೆಸಿದರು.
ಬಿಳಿ ಉಡುಪು, ಎರಡು ಪದರ ಕೈಗವಸು.
ಜೊಂಡಿನ ಬುಡದಲ್ಲಿ ಮೊದಲನೆಯದು:
ಬೆನ್ನ ಮೇಲೆ ಯಾರೋ ಏನೋ ಬರೆದಿದ್ದಾರೆ, ಓದಬೇಕು
ಎನ್ನುವಂತೆ ಕತ್ತು ಹಿಂದಕ್ಕೆ ತಿರುಚಿತ್ತು.
ಹತ್ತಿಯ ಕಡ್ಡಿ ಗಂಟಲಿಗೊಂದು, ಗುದಕ್ಕೊಂದು.
ಸೀಸೆಯ ಮೇಲೆ ಸಂಖ್ಯೆ. ಪೆಟ್ಟಿಗೆಯಲ್ಲಿ ಮಂಜುಗಡ್ಡೆ.
ಹನ್ನೆರಡು. ನಲವತ್ತು. ಆಮೇಲೆ
ಕಡ್ಡಿಗಳು ಮುಗಿದವು, ಹಂಸಗಳು ಮುಗಿಯಲಿಲ್ಲ.

ಹಂಸಕ್ಕೆ ಗುಂಡು ಹೊಡೆದವನ ಮನೆಗೆ
ಹೆಣ್ಣು ಕೊಡುತ್ತಿರಲಿಲ್ಲವಂತೆ; ಅಜ್ಜಿ ಹೇಳುತ್ತಿದ್ದಳು.
ವೈರಸ್ಸಿಗೆ ಯಾವ ಶಾಪ ತಟ್ಟೀತು?
ಅದಕ್ಕೆ ಮನೆಯೇ ಇಲ್ಲ. ಇರುವುದು ಮೈಯೊಂದು,
ಅದೂ ಕಡ ತಂದದ್ದು.

ಹೋದ ವರ್ಷ ಎಷ್ಟಿದ್ದವು, ರಾಜಧಾನಿ ಕೇಳಿತು.
ಇಲಾಖೆಯ ಹಾಳೆಯಲ್ಲಿ ಅಂಕಿ ಇರಲಿಲ್ಲ,
'ಗಣನೀಯ' ಎಂಬ ಪದವಿತ್ತು.
ತಾತ ಒಳಗೆ ಹೋಗಿ ಒಂದು ಪುಸ್ತಕ ತಂದ.
ಮುಂದಿನಿಂದ ತೆರೆದರೆ ಪಂಪಿನ ಒತ್ತಡ, ಎಣ್ಣೆ, ಉಷ್ಣಾಂಶ;
ಹಿಂದಿನಿಂದ ತಿರುವಿದರೆ ಹಂಸಗಳು.
ದಿನಕ್ಕೊಂದು ಸಾಲು. ದೊಡ್ಡವು ಇಷ್ಟು, ಬೂದು ಮರಿಗಳಿಷ್ಟು,
ರೆಕ್ಕೆ ಜೋತದ್ದು ಒಂದು.
ಹೆಂಡತಿ ತೀರಿಕೊಂಡ ದಿನದ ಸಾಲೂ ಇತ್ತು:
ಇನ್ನೂರ ಆರು. ಗಾಳಿ.

ರಾತ್ರಿಯಿಡೀ ಕೂತು ಕಂಪ್ಯೂಟರಿಗೆ ತುಂಬಿದೆ.
ಗೆರೆ ಏರುತ್ತಾ ಹೋಯಿತು ವರ್ಷದಿಂದ ವರ್ಷಕ್ಕೆ,
ಎಷ್ಟು ರೊಟ್ಟಿಯೋ ಅಷ್ಟು ಹಂಸ,
ಎಷ್ಟು ಹಂಸವೋ ಅಷ್ಟು ಒತ್ತೊತ್ತಾಗಿ, ಕೊಕ್ಕಿಗೆ ಕೊಕ್ಕು ತಾಗಿ,
ಕುಡಿದ ನೀರಿಗೇ ಹಿಕ್ಕೆ ಹಾಕಿ.

ಹೇಳಬಾರದಿತ್ತೇನೋ. ಹೇಳಿದೆ.
ರೊಟ್ಟಿ ರೋಗ ತರಲಿಲ್ಲ ತಾತ, ಅದು ರೆಕ್ಕೆಯ ಮೇಲೆ ಬಂತು;
ರೊಟ್ಟಿ ಅವನ್ನೆಲ್ಲ ಒಂದೆಡೆ ಸೇರಿಸಿತು, ಅಷ್ಟೇ.
ಆ 'ಅಷ್ಟೇ' ಚಹದ ಬಟ್ಟಲ ಪಕ್ಕ
ಬಹಳ ಹೊತ್ತು ಕೂತಿತ್ತು.
"ಅದನ್ನೂ ಬರೆಯುತ್ತೀಯಾ?"
ಬರೆಯುತ್ತೇನೆ ಅಂದೆ.
"ಹಾಗಾದರೆ ಹೆಸರು ಹಾಕು. ಪುಸ್ತಕ ನನ್ನದು."

ಮಾರ್ಚಿಯಲ್ಲಿ ಮತ್ತೆ ಹೋದೆ.
ದಂಡೆಯಿಂದ ದೂರ, ಒಡೆದ ಕಾಂಕ್ರೀಟಿನ ಮೇಲೆ ತಾತ,
ನಾನು ಬಿಟ್ಟು ಬಂದಿದ್ದ ದುರ್ಬೀನು ಕಣ್ಣಿಗಿಟ್ಟು.
ಕೋಟಿನ ಜೇಬುಗಳ ಬಾಯಿಗೆ ಕರಿದಾರ.
ಯಾರಿಗೂ ಹೇಳದೆ ತಾನೇ ಹಾಕಿಕೊಂಡ ಹೊಲಿಗೆ, ಉದ್ದುದ್ದ, ಸೊಟ್ಟ.
ಹೋಗಲು ಜಾಗವಿಲ್ಲದ ಕೈಗಳು ಚಳಿಗೆ ಕೆಂಪಾಗಿದ್ದವು.

ಅವನನ್ನು ಗುರುತಿಸಿ ಹಂಸಗಳು ಈಜಿ ಬಂದವು. ಕಾದವು.
ಅವನು ನಾಲಿಗೆ ಬಿಗಿಹಿಡಿದ.
ಒಂದು ತಿರುಗಿತು, ಇನ್ನೊಂದು ತಿರುಗಿತು,
ನೀರು ಅಗಲವಾಗುತ್ತಾ ಬಂತು ಅವುಗಳ ನಡುವೆ.

"ತೊಂಬತ್ತಮೂರು" ಅಂದ.
ನಾನು ಬರೆದುಕೊಂಡೆ.
"ತಾಳು, ತಾಳು. ಜೊಂಡಿನ ಹಿಂದೆ
ಇನ್ನೊಂದು."