ಬಿಸಿಲಿಗಿ ಹಿಡಿದು ನೋಡಿದ್ದು

ಸೂಪರ್ ಮಾರ್ಕೆಟಿನ ಹಿಂದಿನ ಗಲ್ಲಿ, ನಯೀಮುದ್ದೀನ್ ಸಾಹೇಬರ ಅಂಗಡಿ.
ಗಾಜಿನ ಕೆಳಗ ಸಾಲಾಗಿ ಮಲಗ್ಯಾವ ಕ್ಯಾಮೆರಾ,
ರಾತ್ರಿ ಡಿಪೋದಾಗ ನಿಂತ ಬಸ್ಸಿನಂಗ.
ನನ್ನ ಪರ್ಸಿನಾಗ ಏಳು ಸಾವಿರದ ನಾನೂರು:
ಓಟಿ ಮಾಡಿದ್ದು, ದೀಪಾವಳಿ ಸೀರಿ ಬ್ಯಾಡಂದದ್ದು.
ಚಿಲ್ಲರ ಬಿಟ್ಟು ಇಳಿದವರದು ಅಲ್ರಿ,
ಅದರ ಲೆಕ್ಕ ಬ್ಯಾರೆ ಅದ.

"ಏನ್ ತೆಗೀತೀರಿ ಅಕ್ಕಾ?
ಮದುವಿ? ಮಕ್ಕಳು? ರೀಲು?"

ಹನ್ನೊಂದು ವರ್ಷ ಕಲಬುರಗಿ–ಯಾದಗಿರಿ.
ಕಾಗಿಣಾ ಎಷ್ಟು ಸಲ ದಾಟೀನೋ, ಒಮ್ಮಿನೂ ಇಳಿದಿಲ್ಲ.
ಶಹಾಬಾದದ ಕಲ್ಲಿನ ಖಣಿಯಾಗ ನಿಂತ ಹಸರು ನೀರು,
ನಾಲವಾರ ದಾಟಿದ ಮ್ಯಾಲ ತಂತಿ ಮ್ಯಾಗಿನ ನೀಲಕಂಠ,
ತೊಗರಿ ಹೂವಾದಾಗಿನ ಆ ಹಳದಿ,
ಎಲ್ಲಾ ಅರ್ಧಾ ಅರ್ಧಾ ನೋಡಿದ್ದು,
"ಹಿಂದ ಸರೀರಿ, ಟಿಕೆಟ್ ಯಾರ್ದು" ಅನ್ನೂದ್ರಾಗ
ಉಳಿದರ್ಧ ದಾಟಿ ಹೋಗಿರ್ತದ.

ಇಷ್ಟೆಲ್ಲ ಅಂಗಡಿಯಾಗ ಹ್ಯಾಂಗ ಹೇಳೂದು?
"ದಾರಿ" ಅಂದೆ. "ದಾರಿ ತೆಗೀತೀನಿ."

ಮೊದಲನೇದು ಕೆಂಪು, ತೆಳ್ಳಗ, ಸಾಬಾಣಿನಂಗ ಜಾರೂದು.
ಇಪ್ಪತ್ತು ಮೆಗಾಪಿಕ್ಸೆಲ್ ಅಂತ.
ಎರಡನೇದು ಸೊಂಡಿ ಚಾಚ್ತದ, ಚಾಚ್ತದ,
"ದರ್ಗಾದ ಗುಂಬಜ ಮ್ಯಾಗಿನ ಪಾರಿವಾಳದ ಕಣ್ಣಾಗಿನ
ಪಿಸುರು ಕಾಣ್ತದ" ಅಂದ್ರು ಸಾಹೇಬರು.
ಪಾರಿವಾಳದ ಪಿಸುರು ತಗೊಂಡು ಏನ್ ಮಾಡ್ಲಿ?

ಜೋಡಿಗಿ ಬಂದಿದ್ದ ಡ್ರೈವರ್ ಚಂದ್ರಶಾ
ಬಾಗಲಿಗಿ ಆತು ನಿಂತು ಮೂರನೇ ಸಲ ಅಂದ:
"ಫೋನ್ ಅದಲ್ಲಾ ಬಾಯಿ, ಅದ್ರಾಗ ಬರಂಗಿಲ್ಲೇನು?"
ಬರ್ತದ. ಡಿಪೋದ್ದೂ ಬರ್ತದ, ಮನಿದ್ದೂ ಬರ್ತದ,
ಸೊಸೈಟಿ ಸಾಲದ ಆ ಹುಡುಗಂದೂ ಬರ್ತದ.
ನಂಗ ಯಾರೂ ಕರಿಲಾರದ
ಒಂದು ಸಾಮಾನು ಬೇಕಾಗ್ಯದ.

"ಹೊರಗ ಒಯ್ದು ನೋಡ್ಲೇನ್ರಿ?"
ಏಪ್ರಿಲ್. ಮಧ್ಯಾನ ಒಂದೂವರಿ.
ಕೆಂಪಂದು ಎತ್ತಿದೆ, ಪರದಿ ಕರ್ರಗ.
ಸೊಂಡಿದು ಎತ್ತಿದೆ, ಅದೂ ಕರ್ರಗ.
ಕರೀದ್ರಾಗ ಒಂದು ಹೆಣ್ಮಗಳು, ಖಾಕಿ ಅಂಗಿ,
ಹಣಿ ಮ್ಯಾಗ ಬೆವರು, ಕಣ್ಣು ಸಣ್ಣಗ ಮಾಡಿ
ನನ್ನೇ ನೋಡ್ಲಿಕತ್ತಾಳ.
ನನ್ನ ಮಾರಿ ನೋಡ್ಕೊಳ್ಳಿಕ್ಕ ಇಷ್ಟು ರೊಕ್ಕ ಯಾಕ್ರಿ,
ಬಸ್ಸಿನ ಕನ್ನಡಿ ಪುಕ್ಕಟ ತೋರಿಸ್ತದ.

ಸಾಹೇಬರು ನಕ್ರು. ಹಿಶೇಬಿನ ವಹಿ ಮ್ಯಾಗ
ಭಾರಕ್ಕಂತ ಇಟ್ಟಿದ್ದೊಂದು ಎತ್ತಿ ಕೊಟ್ರು.
ಬೂದಿ ಬಣ್ಣ, ಹೊಟ್ಟಿ ದಪ್ಪ, ಮೂಲಿ ಸವದದ,
ನನಗಿಂತ ಮೊದಲು ಇಬ್ಬರ ಕೈ ಕಂಡದ್ದು.
"ಕಣ್ಣು ಹಚ್ಚೂ ಕಿಂಡಿ ಅದ ನೋಡ್ರಿ ಇದಕ್ಕ.
ನಾಕು ಪೆನ್ಸಿಲ್ ಸೆಲ್ಲು. ವಾಡಿ ಸ್ಟ್ಯಾಂಡಿನ
ಪಾನ್ ಡಬ್ಬಿಯಾಗೂ ಸಿಗ್ತಾವ."

ಒಂದು ಕಣ್ಣು ಮುಚ್ಚಿದೆ.
ಬಟಾಣಿಯಷ್ಟು ಕತ್ತಲಿ, ಅದರಾಚಿ ರಸ್ತಾ!
ಶರಬತ್ತಿನ ಬಂಡಿ, ಹರಿದ ಛತ್ರಿ,
ಸೈಕಲ್ ಕ್ಯಾರಿಯರಿನ ಮ್ಯಾಗ ಗೋಣಿ ಸುತ್ತಿದ ಬರ್ಫ,
ತುಳಿಯೋ ಹುಡುಗ, ಅವನ ಹಿಂದ ನೀರಿನ ಸೋರು.
ಒತ್ತಿದೆ.
ಅದು ವಿಚಾರ ಮಾಡ್ತು. ಗುರ್ ಅಂತು. ಆಮ್ಯಾಲ ಟಿಕ್.

ಹುಡುಗ ಹೋಗ್ಬಿಟ್ಟಿದ್ದ.
ಫೋಟೋದಾಗ ಬರೀ ರಸ್ತಾ,
ಅದರ ಮ್ಯಾಗ ಒಂದು ಹಸಿ ಗೀಟು.

"ಸ್ವಲ್ಪ ತಡ ಅದ" ಅಂದ್ರು ಸಾಹೇಬರು, ದನಿ ಇಳಿಸಿ.
"ನಮ್ದೂ ತಡಾನ ಅಲ್ಲೇನು" ಅಂದ ಚಂದ್ರಶಾ.

ಎರಡು ಸಾವಿರದ ಎಂಟುನೂರು. ಸೆಲ್ಲು, ಕಾರ್ಡು ಬ್ಯಾರೆ.
ಗ್ಯಾರಂಟಿ ಅನ್ನೂ ಮುಂದ ಒಂದು ಗೀಟು ಎಳೆದು ಕೊಟ್ರು.
ಕಿಸೆಯಾಗ ಇನ್ನೂ ರೊಕ್ಕ ಅದ ಅಂತ
ಎಂದೂ ಇಲ್ಲದ ಭಾರ.

ಐತ್ವಾರ ರಜಾ ಹಾಕಿ, ಖಾಕಿ ಬಿಚ್ಚಿಟ್ಟು
ನನ್ನ ಬಸ್ಸಿಗೇ ಹತ್ತಿದೆ.
ಬದಲಿ ಕಂಡಕ್ಟರು, ಹೊಸಾ ಹುಡುಗಿ, ಸುವರ್ಣಾ ಅಂತ.
"ಎಲ್ಲಿಗಿ ಅಕ್ಕಾ?"

ಕಾಗಿಣಾ ಹೊಳಿ ದಾಟಿ, ಮುಳ್ಳ ಜಾಲಿ ಮೂರು ಗಿಡ,
ಖಣಿ ನೀರಿಗಿ ಹೋಗೂ ಕಾಲ್ದಾರಿ ಅದ, ಅಲ್ಲಿ.

ಮಷೀನು ಒತ್ತಿದಳು, ಮತ್ತೊಮ್ಮಿ ಒತ್ತಿದಳು.
"ಆ ಜಾಗಕ್ಕ ನಂಬರೇ ಇಲ್ಲಲ್ಲಾ."